ಡೊಳ್ಳಿನೊಳಗಿನ ಮಾತು

ಹುನ್ನೂರ, ತಾ. ಜಮಖಂಡಿ
೧೪ ಜುಲೈ ೨೦೨೫, ಸೋಮವಾರ

ನನ್ನ ಪ್ರೀತಿಯ ನಂದಾಗೆ,

ಹುನ್ನೂರಿನಿಂದ ನಿನ್ನ ಯಲ್ಲಕ್ಕ ಮಾಡುವ ನೆನಪುಗಳು. ನಮ್ಮ ಮನೆಯಲ್ಲಿ, ನಿನ್ನ ತವರಿನಲ್ಲಿ, ಅತ್ತ ಕುರಿಹಟ್ಟಿಯಲ್ಲಿ ಎಲ್ಲರೂ ಬೀರಪ್ಪನ ದಯದಿಂದ ಆರಾಮ. ನೀನು, ಪರಮಾನಂದ ಅವರು, ನಿನ್ನ ಅತ್ತೆಯವರು ಆರಾಮ ಇದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನೀನು ಬನಹಟ್ಟಿಗೆ ಹೋಗಿ ವರ್ಷವಾಗುತ್ತ ಬಂತು, ಒಂದು ಪತ್ರವನ್ನೂ ಬರೆಯಲಿಲ್ಲವೆಂದು ಬೈಯಬೇಡ. ಕೈಯಲ್ಲಿ ಫೋನ್ ಇರುವಾಗ ಪತ್ರ ಯಾರು ಬರೆಯುತ್ತಾರೆ ಎಂದುಕೊಂಡಿದ್ದೆ. ಆದರೆ ನಿಮ್ಮ ಮನೆಗೆ ಫೋನ್ ಮಾಡಿದರೆ ಮೊದಲು ಕೇಳುವುದು ಮಗ್ಗಗಳ ಸದ್ದು. ನಿಮ್ಮವರು ಸ್ಪೀಕರಿಗೆ ಹಾಕಿ ಹಿಡಿಯುತ್ತಾರೆ, ನೀನು ಎಲ್ಲೋ ದೂರದಿಂದ "ಹೂಂ, ಆರಾಮ ಅದೀನಿ" ಎನ್ನುತ್ತೀ, ಅಷ್ಟರಲ್ಲಿ ಕಟ್ ಆಗುತ್ತದೆ. ನಿನ್ನ ದನಿ ಕೇಳಿದೆನೋ ಮಗ್ಗದ ದನಿ ಕೇಳಿದೆನೋ ಎಂದು ಆಮೇಲೆ ಯೋಚಿಸುತ್ತ ಕೂರುತ್ತೇನೆ.

ಅದಕ್ಕೇ ರೊಟ್ಟಿ ಮಾರುವ ತಂಗೆವ್ವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವಳು ವಾರಕ್ಕೊಮ್ಮೆ ನಿಮ್ಮ ಓಣಿಗೆ ಬರುತ್ತಾಳಂತೆ. ಜೊತೆಗೆ ಖಡಕ್ ಸಜ್ಜೆ ರೊಟ್ಟಿ ಇವೆ, ಶೇಂಗಾ ಹಿಂಡಿ ಇದೆ. ರೊಟ್ಟಿಯ ಗಂಟನ್ನು ಮಾತ್ರ ನೀನೇ ಬಿಚ್ಚು. ಬೇರೆಯವರು ಬಿಚ್ಚಿದರೆ ಎಲ್ಲ ಮುರಿದು ಪುಡಿಯಾಗುತ್ತವೆ. ಪತ್ರವನ್ನು ಪರಮಾನಂದ ಅವರಿಗೂ ಓದಿ ಹೇಳು. ನಮ್ಮ ಡೊಳ್ಳಿನ ಮೇಳದ ಫಜೀತಿಗಳು ಅವರಿಗೆ ಗೊತ್ತಿಲ್ಲ. ಅವರು ದುಡಿಯಲು ಇಚಲಕರಂಜಿಗೆ ಹೋಗಿದ್ದಾಗಿನ, ನೀನು ತವರಿನಲ್ಲಿದ್ದಾಗಿನ ಕಥೆಗಳು ಅವು. ನಿಮ್ಮ ಮನೆಯವರೆಲ್ಲ ಕೂತು ನಗಲಿ.

ಮೊದಲು ವಿಷಯ ಹೇಳಿಬಿಡುತ್ತೇನೆ. ಪಂಚಮಿ ಹತ್ತಿರ ಬಂತು. ದೀಪಾವಳಿಗೆ ಬರುತ್ತೇನೆ ಎಂದೆ, ಬರಲಿಲ್ಲ. ಸಂಕ್ರಮಣಕ್ಕೆ ಎಂದೆ, ಯುಗಾದಿಗೆ ಎಂದೆ. ಪಂಚಮಿಯನ್ನು ಮಾತ್ರ ತಪ್ಪಿಸಬೇಡ. ಅದು ಹೆಣ್ಣುಮಕ್ಕಳ ಹಬ್ಬ, ತವರಿಗೆ ಕಳಿಸುವುದಿಲ್ಲ ಎಂದು ಯಾವ ಗಂಡನ ಮನೆಯವರೂ ಹೇಳುವುದಿಲ್ಲ. ನಿನ್ನ ತಮ್ಮ ಸಂಜು ಕರೆಯಲು ಬರುತ್ತಾನೆ. ನಿನ್ನ ತವರಿನ ಹಿತ್ತಲಿನ ಬೇವಿನ ಮರಕ್ಕೆ ಈಗಲೇ ಜೋಕಾಲಿ ಕಟ್ಟಿಸಿದ್ದೇನೆ. ಓಣಿಯ ಹುಡುಗಿಯರು ಆಗಲೇ ಜೀಕಿ ಜೀಕಿ ಹಗ್ಗ ಸವೆಸುತ್ತಿದ್ದಾರೆ. ನೀನು ಬರುವಷ್ಟರಲ್ಲಿ ಬೇರೆ ಹಗ್ಗ ಹಾಕಿಸಬೇಕಾಗಬಹುದು.

ನೀನಿಲ್ಲದೆ ನಮ್ಮ ಮೇಳ ನಡೆಯುತ್ತಿದೆ. ಏಕೆ ನಡೆಯುತ್ತಿದೆ ಎಂದು ಒಮ್ಮೊಮ್ಮೆ ನನಗೇ ಅನಿಸುತ್ತದೆ. ಹೆಗಲಿಗೆ ಡೊಳ್ಳು ಏರಿಸಿ ಎದುರಿಗೆ ನೋಡಿದರೆ ನೀನು ಇರುವುದಿಲ್ಲ. ಆಗ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂದು, ಬಾರಿಸುತ್ತಲೇ ನಗು ಬರುತ್ತದೆ. ನೋಡುವ ಮಂದಿ ಈ ಹೆಂಗಸು ಎಷ್ಟು ಖುಷಿಯಿಂದ ಬಾರಿಸುತ್ತಾಳೆ ಎಂದುಕೊಳ್ಳುತ್ತಾರೆ.

ಶುರುವಿನ ದಿನ ನೆನಪಿದೆಯೇ. ಸಂಘದ ಹೆಂಗಸರೆಲ್ಲ ಡೊಳ್ಳು ಕಲಿಯುತ್ತೇವೆ ಎಂದಾಗ ಕಟ್ಟೆಯ ಮೇಲಿನ ಹಿರಿಯರು ಮುಖ ಗಂಟಿಕ್ಕಿದರು. ಗುಡಿಯ ಡೊಳ್ಳನ್ನು ಹೆಂಗಸರು ಹೊರುವುದೆಂದರೇನು ಎಂದು ದೊಡ್ಡ ಮಾತಾಯಿತು. ಅಮಸಿದ್ದಪ್ಪ ಕಾಕಾ ಎಲೆಯಡಿಕೆ ಉಗುಳಿ ಬಂದು ನಿಧಾನವಾಗಿ ಹೇಳಿದರು: "ಬೀರಪ್ಪಗ ಸಪ್ಪಳ ಬೇಕು. ಆ ಸಪ್ಪಳ ಧೋತ್ರ ಉಟ್ಟೈತೊ ಸೀರಿ ಉಟ್ಟೈತೊ ಅಂವ ಕೇಳೂದಿಲ್ಲ." ಕಾಕಾನ ಅಜ್ಜನ ಕಾಲದಿಂದಲೂ ಊರಿಗೆ ಡೊಳ್ಳು ಕಲಿಸಿದವರು ಅವರ ಮನೆಯವರೇ. ಅವರೇ ಹೀಗೆ ಹೇಳಿದ ಮೇಲೆ ಕಟ್ಟೆ ಸುಮ್ಮನಾಯಿತು.

ಕುರಿಹಟ್ಟಿಯ ಹತ್ತಿರ ಕಲಿಯಲು ನಿಂತೆವು. ಒಬ್ಬಳ ಪೆಟ್ಟು ಹಿಂದೆ, ಒಬ್ಬಳ ಪೆಟ್ಟು ಮುಂದೆ, ಕೇಳುವವರ ಎದೆ ಒಡೆಯುವಂಥ ಸದ್ದು. ಕುರಿಗಳು ಮಾತ್ರ ಕದಲಲಿಲ್ಲ, ಮೇಯುತ್ತಲೇ ಇದ್ದವು. ಡೊಳ್ಳಿಗೆ ಹಾಕಿದ್ದು ಅವುಗಳ ಅಜ್ಜ ಅಜ್ಜಿಯರ ಚರ್ಮವೇ ಅಲ್ಲವೇ, ಮನೆಯವರ ದನಿ ಎಂದು ತಿಳಿದಿರಬೇಕು. ಆದರೆ ಗಿರಿಮಲ್ಲಪ್ಪನ ಎಮ್ಮೆ ಹಗ್ಗ ಹರಿದುಕೊಂಡು ಕಬ್ಬಿನೊಳಗೆ ನುಗ್ಗಿತು. ಮರುದಿನ ಅವನು ಖಾಲಿ ಚರಿಗೆ ಹಿಡಿದುಕೊಂಡು ಬಂದ. "ನಿಮ್ಮ ಡೊಳ್ಳ ಕೇಳಿದಾಗಿಂದ ನನ್ನ ಎಮ್ಮಿ ಹಾಲ ಕೊಡವಲ್ದು. ಏನ್ ಮಾಡ್ಲಿ ಹೇಳ್ರಿ" ಎಂದ. ನೀನು ಮುಖ ಸಣ್ಣಗೆ ಮಾಡಿಕೊಂಡು, "ಅದಕ್ಕೂ ಒಂದ ಡೊಳ್ಳ ಕೊಡ್ರಿ ಮಾವಾರ, ಬಾರಿಸಿದ್ರ ಸಿಟ್ಟ ಇಳೀತೈತಿ" ಎಂದೆ. ಪಾಪ, ಅವನು ಕ್ಷಣ ಹೊತ್ತು ಅದನ್ನೇ ಯೋಚಿಸಿದ.

ಆಮೇಲೆ ಬಸ್ಸಿನ ಪ್ರಸಂಗ. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸದರಲ್ಲಿ ಮುಧೋಳಕ್ಕೆ ಹೊರಟಿದ್ದೆವು. ನಾವೆಲ್ಲ ಡೊಳ್ಳುಗಳನ್ನು ಮಕ್ಕಳ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದೆವು. ಜಮಖಂಡಿ ದಾಟಿದ ಮೇಲೆ ಕಂಡಕ್ಟರ್ ಬಂದು ನಿಂತ.

"ಹೆಣ್ಣಮಕ್ಕಳಿಗೆ ಫ್ರೀ ಐತಿ, ಡೊಳ್ಳಿಗಿಲ್ಲ. ಅದಕ್ಕ ಟಿಕೀಟ ತಗೋರಿ."

"ಯಾಕ್ರಿ ಸರ, ಡೊಳ್ಳೂ ಹೆಣ್ಣ ಐತಲ್ಲ" ಎಂದೆ ನೀನು. "ಈ ಎಡಗಡಿ ಚರ್ಮ ಹೆಣ್ಣ ಆಡಿಂದು. ಬೇಕಾರ ಮೂಸಿ ನೋಡ್ರಿ. ಆಧಾರ್ ಕಾರ್ಡ್ ಒಂದ ಮಾಡಿಸಿಲ್ಲ."

ಕಂಡಕ್ಟರ್ ನಗಲಿಲ್ಲ. ಬಗ್ಗಿ ಡೊಳ್ಳಿನ ಇನ್ನೊಂದು ಮಗ್ಗುಲನ್ನು ಬೆರಳಿನಿಂದ ತಟ್ಟಿದ. "ಬಲಗಡಿ ಯಾರ್ದು?"

"ಬಲಗಡಿ ಟಗರಿಂದ್ರಿ."

"ಹಂಗಾರ ಅರ್ಧ ಟಿಕೀಟ."

ಇಡೀ ಬಸ್ಸು ನಕ್ಕಿತು. ಡ್ರೈವರ್ ನಕ್ಕು ನಕ್ಕು ಒಂದು ಸ್ಟಾಪ್ ದಾಟಿಸಿಯೇ ಬಿಟ್ಟ. ಇಳಿಯಬೇಕಾಗಿದ್ದ ಒಬ್ಬ ಮುದುಕ ಮಾತ್ರ ನಮಗೆಲ್ಲ ಬೈಯುತ್ತ ಹಿಂದಕ್ಕೆ ನಡೆದುಕೊಂಡು ಹೋದ. ಮೊನ್ನೆ ಅದೇ ಕಂಡಕ್ಟರ್ ಸಿಕ್ಕಿದ್ದ. ನನ್ನನ್ನು ನೋಡಿ ಗುರುತು ಹಿಡಿದು, "ಆ ಆಧಾರ್ ಕಾರ್ಡಿನ ಅಕ್ಕಾರ ಎಲ್ಲಿ?" ಎಂದು ಕೇಳಿದ. ಗಂಡನ ಮನೆಗೆ ಹೋದಳು ಎಂದೆ. "ಅವರಿಲ್ಲದ ನಿಮ್ಮ ಮೇಳ ಸಪ್ಪಗ ಆಗಿರಬೇಕಲ್ರಿ" ಎಂದ. ಒಂದೇ ಸಲ ನೋಡಿದ ಮನುಷ್ಯನಿಗೂ ನಿನ್ನ ನೆನಪಿದೆ, ನಂದಾ.

ಬೀಳಗಿಯ ಕಾರ್ಯಕ್ರಮ ನಿನಗೆ ಮರೆತಿರಲಿಕ್ಕಿಲ್ಲ. ಯಾವುದೋ ಸರಕಾರಿ ಸಮಾರಂಭ. ವೇದಿಕೆಯ ಮೇಲೆ ದೊಡ್ಡವರ ಸಾಲು, ಭಾಷಣದ ಮೇಲೆ ಭಾಷಣ. ಉಂಡು ಬಂದಿದ್ದ ಮುಖ್ಯ ಅತಿಥಿ ಹಾರದೊಳಗೆ ಗದ್ದ ಇಟ್ಟು ನಿದ್ದೆ ಹೋಗಿದ್ದರು. ಮೈಕಿನ ಹುಡುಗ ಬಂದು ನಿನ್ನ ಡೊಳ್ಳಿನ ಮುಂದೆ ಮೈಕು ಇಟ್ಟ. ಬೇಡಪ್ಪಾ ಎಂದರೆ ಕೇಳಲಿಲ್ಲ. ಮೊದಲ ಪೆಟ್ಟು ಬಿದ್ದದ್ದೇ ತಡ, ಸ್ಪೀಕರ್ ಒಮ್ಮೆ ಕೂಗಿ ಸತ್ತಿತು, ಮುಖ್ಯ ಅತಿಥಿ ಎದ್ದು ನೆಟ್ಟಗೆ ನಿಂತುಬಿಟ್ಟರು. ರಾಷ್ಟ್ರಗೀತೆ ಎಂದು ತಿಳಿದರೋ ಏನೋ. ಅವರು ನಿಂತದ್ದು ನೋಡಿ ವೇದಿಕೆಯೆಲ್ಲ ನಿಂತಿತು, ವೇದಿಕೆ ನೋಡಿ ಮಂದಿಯೆಲ್ಲ ನಿಂತಿತು. ನಾವು ಬಾರಿಸಿ ಮುಗಿಸುವವರೆಗೂ ಯಾರಿಗೂ ಕೂರಲು ಧೈರ್ಯವಾಗಲಿಲ್ಲ. ಹೆಣ್ಣುಮಕ್ಕಳೇ ಎಲ್ಲರಿಗೂ ಎದ್ದು ನಿಲ್ಲಬೇಕು ಎನ್ನುವ ಊರಿನಲ್ಲಿ ನಮ್ಮನ್ನು ನೋಡಿ ಊರೇ ಎದ್ದು ನಿಂತಿತಲ್ಲ ಎಂದು ನೀನು ಹಿಂತಿರುಗುವಾಗ ಹೇಳಿದ್ದೆ. ನಗುತ್ತಲೇ ಹೇಳಿದ್ದೆ, ಆದರೆ ನಿನ್ನ ಕಣ್ಣು ತುಂಬಿದ್ದು ನಾನು ನೋಡಿದ್ದೆ.

ಇನ್ನು ನನ್ನ ಮಾನ ಹೋದ ಕಥೆಯನ್ನು ನಿಮ್ಮ ಮನೆಯವರಿಗೆ ಹೇಳದೆ ಇದ್ದರೆ ಪತ್ರ ಬರೆದು ಏನು ಉಪಯೋಗ.

ಪರಮಾನಂದ ಅವರಿಗೆ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ. ಕಾಕಾ ನಮ್ಮನ್ನು ಜೋಡಿ ಜೋಡಿಯಾಗಿ ಎದುರುಬದುರು ನಿಲ್ಲಿಸುತ್ತಾರೆ. ಒಬ್ಬಳು ಬಾರಿಸಿ ಕರೆಯಬೇಕು, ಎದುರಿನವಳು ಬಾರಿಸಿ ಓಗೊಡಬೇಕು. ನಾನು ಕರೆಯುವವಳು, ನೀನು ಓಗೊಡುವವಳು. ಅಷ್ಟೊಂದು ಡೊಳ್ಳುಗಳ ನಡುವೆ ನಿಂತರೆ ಪಕ್ಕದವಳಿಗೆ ಸಿಡಿಲು ಬಡಿದರೂ ಕೇಳುವುದಿಲ್ಲ. ಆದರೆ ಎದುರಿಗಿರುವವಳು ಬಾಯಿ ನೋಡುತ್ತಿದ್ದರೆ, ಪೆಟ್ಟು ಪೆಟ್ಟಿನ ನಡುವೆ ಕೂಗಿ ಹೇಳಿದ ಮಾತು ಹೇಗೋ ತಲುಪುತ್ತದೆ. ಹೀಗೆ ನಾವಿಬ್ಬರೂ ಮಾತಾಡುವುದು ಕಲಿತೆವು. ಉಳ್ಳಾಗಡ್ಡಿಯ ರೇಟು, ಹಿಂಡಿಗೆ ಉಪ್ಪು ಹೆಚ್ಚಾದದ್ದು, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು ಎಲ್ಲ ಅಲ್ಲೇ. ಮನೆಯಲ್ಲಿ ಹೇಳಿದರೆ ಅತ್ತೆಗೆ ಕೇಳುತ್ತದೆ, ಬಾವಿಕಟ್ಟೆಯಲ್ಲಿ ಹೇಳಿದರೆ ಊರಿಗೆ ಕೇಳುತ್ತದೆ. ಡೊಳ್ಳಿನೊಳಗೆ ಹೇಳಿದರೆ ನಮ್ಮಿಬ್ಬರಿಗೆ ಮಾತ್ರ.

ಕಾಕಾನದು ಒಂದೇ ಕಾನೂನು. ಅವರು ಕೋಲು ಮೇಲೆತ್ತಿದರೆ ಎಲ್ಲ ಕೈಗಳೂ ಇದ್ದಲ್ಲೇ ನಿಲ್ಲಬೇಕು. ಬಾಣಂತಿ ಇರುವ ಮನೆಯ ಮುಂದೆ ಡೊಳ್ಳು ಬಾರಿಸಬಾರದು, ಹಸುಗೂಸು ಬೆಚ್ಚುತ್ತದೆ. ಮುಧೋಳದ ಮದುವೆ ಮೆರವಣಿಗೆಯಲ್ಲಿ ಆದದ್ದು ಅದೇ. ಅದು ನಮ್ಮ ಅತ್ತೆ ಮಾಯವ್ವನ ತವರಿನ ಕಡೆಯ ಮದುವೆ, ಬೀಗರೆಲ್ಲ ಸೇರಿದ್ದರು. ಮುಂದಿನ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಯಾರೋ ಕಾಕಾನ ಕಿವಿಯಲ್ಲಿ ಹೇಳಿದರು, ಕಾಕಾ ಕೋಲು ಎತ್ತಿದರು. ನನ್ನ ಬೆನ್ನು ಕಾಕಾನ ಕಡೆಗಿತ್ತು. ಎಲ್ಲ ಡೊಳ್ಳುಗಳೂ ಒಮ್ಮೆಲೇ ನಿಂತವು. ನನ್ನ ಬಾಯಿ ನಿಲ್ಲಲಿಲ್ಲ.

"ನಮ್ಮತ್ತಿ ಹಪ್ಪಳದ ಡಬ್ಬಿ ದಿಂಬಿನ ಬುಡಕ ಇಟ್ಕೊಂಡಾಳ ಲೇ, ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲ ಒಬ್ಬಾಕಿನ ಕುಟುಕುಟು ತಿಂತಾಳ!"

ಮುಧೋಳದ ಆ ಓಣಿ ಅಷ್ಟು ನಿಶ್ಶಬ್ದವಾಗಿದ್ದನ್ನು ಆ ಊರಿನವರೇ ಕಂಡಿರಲಿಕ್ಕಿಲ್ಲ. ಬಾಣಂತಿಯ ಕೂಸು ಎದ್ದು ಅಳತೊಡಗಿತು. ಡೊಳ್ಳಿಗೆ ಏಳದ ಕೂಸು ನನ್ನ ಬಾಯಿಗೆ ಎದ್ದಿತು ಎಂದು ಕಾಕಾ ಇವತ್ತಿಗೂ ಹೇಳುತ್ತಾರೆ. ನಮ್ಮ ಅತ್ತೆ ಆರತಿ ತಟ್ಟೆ ಹಿಡಿದು ನನ್ನಿಂದ ಮಾರು ದೂರದಲ್ಲಿದ್ದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅತ್ತೆ ತಟ್ಟೆಯನ್ನು ಸರಿಯಾಗಿ ಹಿಡಿದುಕೊಂಡು, ಗಂಭೀರವಾಗಿ, "ಹಪ್ಪಳ ಅಲ್ಲ, ಸಂಡಗಿ" ಎಂದರು. ಅಷ್ಟು ಹೇಳಿ ಮುಂದೆ ನಡೆದರು. ನೀನು ನಕ್ಕು ನಕ್ಕು ಡೊಳ್ಳಿನ ಸಮೇತ ಕೆಳಗೆ ಕುಳಿತುಬಿಟ್ಟೆ, ಎಬ್ಬಿಸಲು ಮೂವರು ಬೇಕಾಯಿತು.

ಆ ಡಬ್ಬಿ ಈಗ ಅಡಿಗೆಮನೆಯ ಮಾಡದಲ್ಲಿ ಎಲ್ಲರಿಗೂ ಕಾಣುವಂತೆ ಇದೆ. ಅತ್ತೆಯೇ ಇಟ್ಟರು. ಅವರೂ ತಿನ್ನುವುದಿಲ್ಲ, ನಾಚಿಕೆಯಿಂದ ನಾವೂ ಮುಟ್ಟುವುದಿಲ್ಲ. ಸಂಡಿಗೆ ಮೆತ್ತಗಾಗುತ್ತಿದೆ. ಆದರೆ ಅತ್ತೆಗೆ ನಿನ್ನ ಮೇಲೆ ಸಿಟ್ಟಿಲ್ಲ. ಮೊನ್ನೆ ನಾನು ಯಾವುದೋ ಸಣ್ಣ ವಿಷಯಕ್ಕೆ ಮನೆಯಲ್ಲಿ ಕೂಗಾಡಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟು, "ಯವ್ವಾ, ಆ ನಂದಾನ್ನ ಕರಕೊಂಡ ಬಾ. ಆಕಿ ಇದ್ದಾಗ ನನಗ ಬೈಯೂದೆಲ್ಲಾ ಅಲ್ಲೇ ಬೈದ ಬರತಿದ್ದಿ. ಈಗ ಎಲ್ಲಾ ಮನ್ಯಾಗ ಬೀಳಾಕತ್ತೈತಿ" ಎಂದರು. ನಾನು ನಕ್ಕುಬಿಟ್ಟೆ, ಆಮೇಲೆ ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಅತ್ತೆ ಹಿಂದೆಯೇ ಬಂದು ನೀರು ಕೊಟ್ಟರು.

ನಿನ್ನ ಜಾಗದಲ್ಲಿ ಈಗ ರೇಷ್ಮಾ ನಿಲ್ಲುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ, ಕೈ ಚುರುಕು, ಹೆಜ್ಜೆ ತಪ್ಪುವುದಿಲ್ಲ. ನಿಂತಲ್ಲೇ ಡೊಳ್ಳು ತಿರುಗಿಸುತ್ತಾಳೆ, ವಿಡಿಯೋ ಹಿಡಿಯುವ ಫೋನು ಎಲ್ಲಿದೆಯೋ ಅತ್ತ ಮುಖ ಮಾಡುತ್ತಾಳೆ. ಅವಳ ತಪ್ಪೇನೂ ಇಲ್ಲ. ಒಮ್ಮೆ ಬಾಡಗಂಡಿಯಲ್ಲಿ ಬಾರಿಸುವಾಗ ಅಭ್ಯಾಸಬಲದಿಂದ ನಾನು ಅವಳಿಗೆ, "ನನ್ನ ಮೊಣಕಾಲ ಭಾಳ ನೋಯಾಕತ್ತೈತಿ ಲೇ" ಎಂದುಬಿಟ್ಟೆ. ಅವಳು ಬಾರಿಸುವುದನ್ನು ನಿಲ್ಲಿಸಿ, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹತ್ತಿರ ಬಂದು, "ಏನ್ರಿ ಅಕ್ಕಾ, ಕೇಳವಲ್ದು" ಎಂದಳು. ಇಡೀ ಮೇಳ ದಾರಿ ತಪ್ಪಿತು. ಏನಿಲ್ಲ ತಂಗಿ, ಬಾರಿಸು ಎಂದೆ. ಅಂದಿನಿಂದ ಬಾಯಿ ಮುಚ್ಚಿಕೊಂಡೇ ಬಾರಿಸುತ್ತೇನೆ.

ನಿನ್ನ ಡೊಳ್ಳನ್ನು ಅವಳಿಗೆ ಕೊಟ್ಟಿಲ್ಲ. ನಮ್ಮ ಪಡಸಾಲೆಯಲ್ಲೇ ತೂಗುಹಾಕಿದ್ದೇನೆ. ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗುತ್ತದೆ. ಬಾರಿಸದೆ ಬಿಟ್ಟರೆ ದನಿ ಸಾಯುತ್ತದೆ ಎಂದು ಕಾಕಾ ಹೇಳಿದ್ದರಿಂದ ಸೋಮವಾರಕ್ಕೊಮ್ಮೆ ಒಲೆಯ ಬದಿಗೆ ಇಟ್ಟು ಕಾಸಿ, ಹಗ್ಗ ಬಿಗಿದು, ನಾಲ್ಕು ಪೆಟ್ಟು ಹಾಕಿ ಇಡುತ್ತೇನೆ. ನನ್ನ ಡೊಳ್ಳಿನಿಂದ ಕರೆದು, ಎದ್ದು ಹೋಗಿ ನಿನ್ನ ಡೊಳ್ಳಿನಿಂದ ನಾನೇ ಓಗೊಡುತ್ತೇನೆ. ನನ್ನ ಗಂಡ ಮಾಳಪ್ಪ ನೋಡಿ, "ಹುಚ್ಚ ಹಿಡದೈತೇನ ನಿನಗ" ಎಂದರು. ಹಿಡಿದಿರಬಹುದು.

ಹೋದ ವರ್ಷ ಚಿಕ್ಕಪಡಸಲಗಿಯಲ್ಲಿ ಬಾರಿಸಿದ್ದೇ ನಾವಿಬ್ಬರೂ ಜೊತೆಯಾಗಿ ಬಾರಿಸಿದ ಕೊನೆಯ ಸಲ. ಬ್ಯಾರೇಜು ತುಂಬಿತ್ತು, ರೈತರೆಲ್ಲ ಸೇರಿ ಕೃಷ್ಣೆಗೆ ಬಾಗಿನ ಬಿಟ್ಟರು. ಅಲ್ಲಿ ಬಾರಿಸಿದ್ದು ನೀರಿನ ಮೇಲೆ ಹೋಗಿ ಆಚೆ ದಂಡೆಗೆ ತಾಗಿ ಹಿಂದಕ್ಕೆ ಬರುತ್ತಿತ್ತು. ಆಚೆಯೂ ಒಂದು ಮೇಳ ಇದೆ ಎಂದು ತಿಳಿದು ನೀನು ಹುರುಪಿನಿಂದ ಅದಕ್ಕೂ ಓಗೊಡತೊಡಗಿದೆ. ಮುಗಿಯುವ ಮುನ್ನ ಎಲ್ಲ ಡೊಳ್ಳುಗಳೂ ಜೋರು ಏರಿದಾಗ ನಾನು ನಿನಗೆ ಏನೋ ಹೇಳಿದೆ. ನೀನು ಕಿವಿಗೆ ಕೈ ಇಟ್ಟು, "ಏನಂದಿ?" ಎಂದೆ. "ಏನಿಲ್ಲ, ಹೆಜ್ಜಿ ನೋಡ್ಕೊ" ಎಂದೆ ನಾನು. ಮುಂದೆ ಎರಡು ದಿನಕ್ಕೆ ಪರಮಾನಂದ ಅವರು ಹಿರಿಯರನ್ನು ಕರೆದುಕೊಂಡು ಬಂದು, ನಿನ್ನನ್ನು ಕರೆದುಕೊಂಡು ಹೋದರು.

ಹೋದ ತಿಂಗಳು ಸೀರೆ ಅಂಗಡಿಯ ಪೂಜೆಗೆಂದು ಬನಹಟ್ಟಿಗೆ ಬಂದಿದ್ದಾಗ, ಕಾಕಾನನ್ನು ಕಾಡಿ ಬೇಡಿ ಮೇಳವನ್ನು ನಿಮ್ಮ ಓಣಿಗೆ ತಿರುಗಿಸಿದ್ದು ನಾನೇ. ನಿಮ್ಮ ಮಗ್ಗ ಹೆಚ್ಚೋ ನಮ್ಮ ಡೊಳ್ಳು ಹೆಚ್ಚೋ ಎನ್ನುವ ಹಾಗಾಯಿತು. ನೀನು ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತೆ. ನಾನು ಕರೆದೆ. ನೀನು ಎಡಗೈ ಬೆರಳಿನಿಂದ ಬಾಗಿಲ ಚೌಕಟ್ಟಿನ ಮೇಲೆ ಓಗೊಟ್ಟೆ. ಯಾರಿಗೂ ಕೇಳಿರಲಿಕ್ಕಿಲ್ಲ, ನಾನು ನೋಡಿದೆ. ನೀನು ಬಲಗೈಗೆ ಬಟ್ಟೆ ಕಟ್ಟಿಕೊಂಡಿದ್ದೆ, ಮಗ್ಗಕ್ಕೆ ಸಿಕ್ಕಿತು ಎಂದು ಪರಮಾನಂದ ಅವರು ಹೇಳಿದರು. ಅರಿಷಿಣ ಎಣ್ಣೆ ಹಚ್ಚು, ಭಾರ ಎತ್ತಬೇಡ.

ಕಾಕಾ ನಿನಗೆ ಆಶೀರ್ವಾದ ಹೇಳಿದ್ದಾರೆ. ಅತ್ತೆ ಪಂಚಮಿಯ ಉಂಡಿಗೆ ಎಳ್ಳು, ಶೇಂಗಾ ಹುರಿದಿಟ್ಟಿದ್ದಾರೆ, ನೀನು ಬಂದ ಮೇಲೆಯೇ ಕಟ್ಟುವುದಂತೆ. ಪರಮಾನಂದ ಅವರಿಗೆ, ನಿನ್ನ ಅತ್ತೆಯವರಿಗೆ ನನ್ನ ಶರಣು ತಿಳಿಸು. ನೀನು ವಯಸ್ಸಿನಲ್ಲಿ ನನಗಿಂತ ಸಣ್ಣವಳು, ಆದ್ದರಿಂದ ಹರಸುವ ಹಕ್ಕು ನನಗಿದೆ. ಬೀರಪ್ಪ ನಿನ್ನ ಕೈಗೆ ಬಲ ಕೊಡಲಿ, ನಿನ್ನ ನಗು ನಿನ್ನ ಹತ್ತಿರವೇ ಇರಲಿ.

ಹಾದಿ ಕಾಯುತ್ತಿರುವ,
ನಿನ್ನ ಯಲ್ಲಕ್ಕ

ತಾ.ಕ.: ನಂದಾ, ಈ ಹಾಳೆಯನ್ನು ಬೇರೆ ಮಡಚಿ ರೊಟ್ಟಿಗಳ ನಡುವೆ ಇಟ್ಟಿದ್ದೇನೆ. ಇದು ನಿನಗೆ ಮಾತ್ರ, ಓದಿ ಒಲೆಗೆ ಹಾಕು. ಆ ಉದ್ದ ಪತ್ರ ಡೊಳ್ಳು, ಅವರು ಓದಿ ನಗುತ್ತ ಇರಲಿ ಎಂದು ಬಾರಿಸಿದ್ದು. ಇದು ಅದರೊಳಗಿನ ಮಾತು.

ಚಿಕ್ಕಪಡಸಲಗಿಯಲ್ಲಿ ನಾನು ಹೇಳಿದ್ದು "ಹೋಗಬ್ಯಾಡ" ಎಂದು. ಅವನು ಹಿರಿಯರನ್ನು ಕರೆದುಕೊಂಡು ಬರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಅಷ್ಟು ವರ್ಷ ನಿನ್ನನ್ನು ಬಿಟ್ಟು, ಒಂದು ಮಾತು ಕೇಳದೆ ಇದ್ದವನು. ಹಿರಿಯರು ಕೂತಾಗ ಹೆಂಗಸರನ್ನು ಯಾರೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ನಿನ್ನ ಸಂಸಾರ ನೆಟ್ಟಗಾಗುವುದಾದರೆ ನಡುವೆ ಬಾಯಿ ಹಾಕಲು ನಾನು ಯಾರು ಎಂದು ಕೂಗಿ ಹೇಳಲಾಗಲಿಲ್ಲ, ಹೇಳದೆ ಇರಲೂ ಆಗಲಿಲ್ಲ. ಅದಕ್ಕೇ ಸದ್ದು ಎಲ್ಲಕ್ಕಿಂತ ಜೋರಾದ ಗಳಿಗೆ ನೋಡಿ ಹೇಳಿದೆ.

ಆ ದಿನ ನಿಮ್ಮ ಬಾಗಿಲಲ್ಲಿ ನೀನು ಚೌಕಟ್ಟಿನ ಮೇಲೆ ಓಗೊಡುವಾಗ ಬಲಗೈಯ ಬಟ್ಟೆ ಸರಿಯಿತು. ಮೊಣಕೈಯ ಕೆಳಗೆ ಬೆರಳುಗಳ ಗುರುತುಗಳಿದ್ದವು, ಕೆಲವು ಹಳೆಯವು, ಕೆಲವು ಹೊಸವು. ಮಗ್ಗಕ್ಕೆ ಬೆರಳಿರುವುದಿಲ್ಲ, ನಂದಾ. ನೀನು ನನ್ನ ಕಡೆ ನೋಡಿ ಏನೋ ಹೇಳಿದೆ. ನನ್ನ ಕಣ್ಣು ನಿನ್ನ ಕೈಯ ಮೇಲೇ ಇತ್ತು, ತುಟಿ ಅಲುಗಿದ್ದಷ್ಟೇ ಕಂಡಿತು, ಮಾತು ಮಗ್ಗದಲ್ಲಿ, ಡೊಳ್ಳಿನಲ್ಲಿ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಕೂಗಿದರು, ನೀನು ಹೋದೆ. ಏನು ಹೇಳಿದೆ ಎಂದು ಅಂದಿನಿಂದ ನನ್ನ ಜೀವ ಹೋಗುತ್ತಿದೆ. ನಿಮ್ಮ ಮನೆಯಲ್ಲಿ ಹೊತ್ತು ಮುಳುಗುವವರೆಗೂ ಅಷ್ಟು ಸದ್ದಿದೆ, ಅದರೊಳಗೆ ನಿನ್ನ ಬಾಯಿ ನೋಡುವವರು ಒಬ್ಬರೂ ಇಲ್ಲವಲ್ಲ ಎಂದು ಸಂಕಟವಾಗುತ್ತದೆ.

ಸಂಜುಗೆ ಕಂಡದ್ದನ್ನೆಲ್ಲ ಹೇಳಿದೆ. ಮೊದಲು ತಲೆ ತಗ್ಗಿಸಿ ಕೂತ, ಆಮೇಲೆ, "ಅಕ್ಕ ಬಾಯಿ ಬಿಟ್ಟ ಒಂದ ಮಾತ ಹೇಳ್ಲಿ ಯಲ್ಲಕ್ಕ, ಮುಂದಿಂದು ನಾ ನೋಡ್ಕೋತೀನಿ" ಎಂದ. ಪಂಚಮಿಯ ಮುಂಚಿನ ದಿನ ಅವನು ಟಂಟಂ ಗಾಡಿ ತರುತ್ತಾನೆ. ಅವನೊಬ್ಬನೇ ಬರುವುದಿಲ್ಲ. ಹೆಣ್ಣುಮಗಳನ್ನು ತವರಿಗೆ ಡೊಳ್ಳು ಬಾರಿಸಿ ಕರೆಯುತ್ತೇವೆ ಎಂದು ಇಡೀ ಮೇಳವೇ ಬರುತ್ತದೆ. ನಮ್ಮ ಅತ್ತೆಯೂ ಬರುತ್ತಾರೆ. ನಿನ್ನ ಡೊಳ್ಳನ್ನೂ ತರುತ್ತೇನೆ. ನಿಮ್ಮ ಬಾಗಿಲ ಮುಂದೆ, ಓಣಿಯ ಮಂದಿಯೆಲ್ಲ ಮಗ್ಗ ಬಿಟ್ಟು ಹೊರಗೆ ಬರುವಷ್ಟು ಜೋರಾಗಿ ಬಾರಿಸುತ್ತೇವೆ. ನೀನು ಬಾಗಿಲಿಗೆ ಬಾ, ಅಷ್ಟು ಸಾಕು. ಇರುತ್ತೇನೆ ಎಂದರೆ ಉಂಡಿ ಕೊಟ್ಟು ಹಿಂತಿರುಗುತ್ತೇವೆ, ಬರುತ್ತೇನೆ ಎಂದರೆ ಕರೆದುಕೊಂಡು ಬರುತ್ತೇವೆ. ನಿನಗೆ ಏನು ಹೇಳಬೇಕೆನಿಸುತ್ತದೋ ಅದನ್ನು ಹೇಳು.

ಈ ಸಲ ನಾನು ನಿನ್ನ ಬಾಯಿಯನ್ನೇ ನೋಡುತ್ತಿರುತ್ತೇನೆ, ಕಾಕಾ ನನ್ನ ಕಣ್ಣನ್ನು ನೋಡುತ್ತಿರುತ್ತಾರೆ. ನಿನ್ನ ತುಟಿ ಅಲುಗಿದ ಕೂಡಲೇ ಅವರು ಕೋಲು ಎತ್ತುತ್ತಾರೆ.